ಬಾಗಿಲ ಹಿಂದಿನ ಪೊರಕೆ

ಪೊರಕೆಗೆಂದು ಬೆಳೆದ ಕೋಕಿಯಾ ಗಿಡಗಳು ಕೆಂಪಾಗಿ ಐದು ದಿನವಾಗಿತ್ತು. ಗೆಂಟಾ ಈ ಕಡೆ ತಲೆಹಾಕದೆಯೂ ಐದೇ ದಿನ.

ಪಕ್ಕದ ಹೊಲದವನು. ಮೇ ತಿಂಗಳಲ್ಲಿ ಸಸಿ ನೆಟ್ಟಂದಿನಿಂದ ಒಂದು ದಿನವೂ ತಪ್ಪಿಸಿದವನಲ್ಲ. ಗುಡ್ಡದ ತುಂಬ ಹಸಿರು ಚೆಂಡುಗಳಂತೆ ಗಿಡಗಳು ಉಬ್ಬುವಾಗ ಕಳೆ ಕೀಳುತ್ತ, ಈ ಮನೆಯ ಮಗಳು ಸವಾಕೊಳನ್ನು ಕದ್ದು ನೋಡುತ್ತಿದ್ದ. ಸಿಕ್ಕಿಬಿದ್ದರೆ ಕಿವಿತುದಿ ಕೆಂಪಾಗುತ್ತಿತ್ತು. "ಇವು ಬಣ್ಣ ತಿರುಗಿದ ದಿನ ನಿಮ್ಮಪ್ಪನ ಹತ್ರ ಒಂದು ಮಾತು ಕೇಳ್ತೀನಿ" ಅಂದಿದ್ದ.

ಒಂದೇ ವರ್ಷದ ಗಿಡ. ಇನ್ನೊಂದು ವಾರಕ್ಕೆ ಕೆಂಪು ಮಾಸುತ್ತದೆ. ಅಪ್ಪ ಎಲ್ಲವನ್ನೂ ಕಿತ್ತು ಒಣಗಿಸಿ ಪೊರಕೆ ಕಟ್ಟಲು ಕೂರುತ್ತಾನೆ.

ಗೆಂಟಾ ಬರದಿದ್ದರೆ ನಾನೇ ಹೋಗ್ತೀನಿ ಎಂದು ಸವಾಕೊ ರಬ್ಬರ್ ಬೂಟು ಮೆಟ್ಟಿದಳು.

ಗೆಂಟಾ ಶೆಡ್ಡಿನಲ್ಲಿ ಗೆಣಸು ತುಂಬುತ್ತಿದ್ದ.

"ಏನ್ರೀ, ದಾರಿ ಮರೆತುಹೋಯ್ತಾ?"

"ದಾರಿ ಗೊತ್ತು. ನಿಮ್ಮಪ್ಪನ ಮನಸ್ಸೂ ಗೊತ್ತಾಯ್ತು."

"ಅಪ್ಪ ಏನಂದ?"

"ಅನ್ನೋದೇನು ಬಂತು? ಗಿಡ ಕೆಂಪಾದ ದಿನ, ನೀವಿಲ್ಲದಾಗ, ಕೇಳೋಕಂತಲೇ ಮೊದಲನೇ ಸಲ ಮನೆಯೊಳಗೆ ಬಂದೆ. ಬಾಗಿಲ ಹಿಂದೆ ಪೊರಕೆ ಕಡ್ಡಿ ಮೇಲಾಗಿ ನಿಂತಿತ್ತು. ಬಂದ ನೆಂಟ ಬೇಗ ತೊಲಗಲಿ ಅಂತ ಹಾಗೆ ನಿಲ್ಲಿಸೋದು, ನಮ್ಮ ಕಡೆ ಮಕ್ಕಳಿಗೂ ಗೊತ್ತು. ಟೀ ಅರ್ಧಕ್ಕೇ ಬಿಟ್ಟು ಎದ್ದೆ."

ಸವಾಕೊಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು.

"ಅದಕ್ಕೆ ಐದು ದಿನವಾ! ಪೊರಕೆ ಕಟ್ಟೋರ ಮನೆ ರೀ ಅದು. ಕಡ್ಡಿ ನೆಲಕ್ಕೂರಿದ್ರೆ ತುದಿ ಬಾಗುತ್ತೆ ಅಂತ ಅಪ್ಪ ಎಲ್ಲವನ್ನೂ ಹಾಗೇ ನಿಲ್ಲಿಸೋದು. ನಲವತ್ತು ಪೊರಕೆ ತಲೆಕೆಳಗಾಗಿವೆ. ನಿಮ್ಮ ಲೆಕ್ಕದಲ್ಲಿ ನಾನು ಹುಟ್ಟಿದ ದಿನವೇ ತೊಲಗ್ಬೇಕಿತ್ತು!"

ಅವನ ಕಿವಿತುದಿ ಗುಡ್ಡದ ಬಣ್ಣಕ್ಕೆ ತಿರುಗಿತು.

"ಏಳಿ. ಈಗಲೇ."

"ಈ ಮಣ್ಣು ಬಟ್ಟೇಲಾ?"

"ಮಣ್ಣು ಬಿದ್ರೆ ಗುಡಿಸೋಕೇನು ನಮ್ಮನೇಲಿ ಬರವಾ?"

ಮನೆಯಲ್ಲಿ ಅಪ್ಪ ಹಗ್ಗ ಹೊಸೆಯುತ್ತ ಕೂತಿದ್ದ. "ಬಾರಯ್ಯ. ಅವತ್ತಿನ ಟೀ ಅಷ್ಟು ಕೆಟ್ಟದಾಗಿತ್ತಾ?"

ಗೆಂಟಾ ಮಂಡಿಯೂರಿ ಕೂತ. ಬಾಯಿ ತೆರೆದ. ಕಣ್ಣು ಮಾತ್ರ ಬಾಗಿಲ ಹಿಂದಕ್ಕೆ ಹೋಯಿತು.

ಸವಾಕೊ ಎದ್ದಳು. ಆ ಪೊರಕೆಯನ್ನು ತಿರುಗಿಸಿ, ಕಡ್ಡಿ ನೆಲಕ್ಕೂರಿ ನಿಲ್ಲಿಸಿದಳು. ಆ ಮನೆಯಲ್ಲಿ ಯಾರೂ ಎಂದೂ ಮಾಡದ ಕೆಲಸ.

"ಏ ಹುಡುಗಿ! ತುದಿ ಬಾಗುತ್ತೆ!"

"ಬಾಗಲಿ ಅಪ್ಪ. ಇವರು ಕೇಳಿ ಮುಗಿಸೋವರೆಗೆ ಅದು ಹಾಗೇ ನಿಲ್ಲುತ್ತೆ."

ಅಪ್ಪ ಮಗಳನ್ನು ನೋಡಿದ, ಹುಡುಗನ ಕಿವಿಯನ್ನು ನೋಡಿದ, ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟ.

"ಬೇಗ ಕೇಳಯ್ಯ," ಅಂದ. "ಒಳ್ಳೇ ಪೊರಕೆ ಹಾಳಾಗ್ತಿದೆ."