ಅದೀನಿ ಎಂದವರು

"ನಾವು ಅದೀವಲ್ಲ ಕೋಮಲಾ! ನೀ ಯಾಕ ಅಳ್ತಿ?" ಎಂದು ಹಂಪೇಶ್ ತಂಗಿಯ ಕೈಯಿಂದ ಬ್ಯಾಗು ತೆಗೆದುಕೊಂಡ. ಎರಡೂ ಕಿಡ್ನಿ ಸೋತ ಹೆಂಡತಿಯನ್ನು ಅವಳ ಗಂಡ ಕೊಟ್ಟೂರಿನ ತವರುಮನೆಯ ಬಾಗಿಲಲ್ಲಿ ಇಳಿಸಿ, ತಾನು ಆಟೋದಿಂದ ಕೆಳಗೂ ಇಳಿಯದೆ ಹೊರಟುಹೋಗಿದ್ದ. ಕೂಡ್ಲಿಗಿಯಲ್ಲಿ ಗೊಬ್ಬರದ ಅಂಗಡಿಯಿಟ್ಟಿದ್ದ ಇನ್ನೊಬ್ಬ ಅಣ್ಣ ಪ್ರವೀಣಕುಮಾರನೂ ಫೋನಿನಲ್ಲಿ ಅದನ್ನೇ ಹೇಳಿದ: "ನಾ ಅದೀನಿ, ಚಿಂತಿ ಮಾಡಬ್ಯಾಡ." ಆ ಸೀಮೆಯಲ್ಲಿ 'ಅದೀನಿ' ಅಂದರೆ ನಿನ್ನ ಭಾರ ನನ್ನದು ಎಂದೇ ಅರ್ಥ. ಕೋಮಲಾ ನಂಬಿದಳು.

ಹಂಪೇಶನ ಹೆಂಡತಿ ಗಂಗಾಂಬಿಕಾ ಮಾತ್ರ ಏನೂ ಹೇಳಲಿಲ್ಲ. ಹೇಗೆ ಹೇಳಿಯಾಳು? ಹನ್ನೆರಡು ವರ್ಷದ ಹಿಂದೆ, ಹುಟ್ಟಿದ ದಿನವೇ ಕಣ್ಮುಚ್ಚಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಗ, "ಇಕಿ ಕಾಲ್ಗುಣಾನ ಸರಿ ಇಲ್ಲ" ಎಂದು ನೆರೆದವರೆದುರು ಅಂದವಳು ಇದೇ ನಾದಿನಿ!

ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಕೂಡ್ಲಿಗಿಗೆ ಹೋಗಬೇಕಿತ್ತು. ಮೊದಲ ವಾರ ಹಂಪೇಶ್ ಹೋದ. ಎರಡನೆಯ ವಾರ ಯಾರದೋ ಮದುವೆ. ಮೂರನೆಯ ವಾರ ಬೆನ್ನುನೋವು... ಆಸ್ಪತ್ರೆಗೆ ಕೂಗಳತೆಯಲ್ಲಿದ್ದ ಪ್ರವೀಣಕುಮಾರ "ಮಧ್ಯಾಹ್ನ ಬರ್ತೀನಿ" ಅಂದವನು ಬರಲೇ ಇಲ್ಲ. ಕೊನೆಗೆ ರೊಟ್ಟಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ನಿಂತವಳು ಗಂಗಾಂಬಿಕಾ. ಹೋಗುವಾಗ ಬರುವಾಗ ಇಬ್ಬರಲ್ಲೂ ಮಾತಿಲ್ಲ. ಹೀಗೇ ಐದು ತಿಂಗಳು.

ಒಂದು ಮಂಗಳವಾರ, ಯಂತ್ರ ಓಡುತ್ತಿದ್ದಾಗಲೇ ಕೋಮಲಾಳ ಬಿ.ಪಿ. ಕುಸಿಯಿತು. ನರ್ಸ್ ಓಡಿಬಂದಳು. "ಇವ್ರ ಕಡಿಯೋರು ಯಾರದೀರಿ?"

"ನಮ್ಮಣ್ಣಾರು ಬರ್ತಾರ್ರಿ..." ಕೋಮಲಾ ಅರೆಗಣ್ಣಿನಲ್ಲೇ ತೊದಲಿದಳು.

"ನಾ ಅದೀನ್ರಿ," ಎಂದು ಗಂಗಾಂಬಿಕಾ ಎದ್ದಳು. ತಣ್ಣಗಾದ ಆ ಪಾದಗಳನ್ನು ಸೆರಗಿನಲ್ಲಿ ಸುತ್ತಿ ತಿಕ್ಕತೊಡಗಿದಳು.

ಅರ್ಧ ಗಂಟೆಗೆ ಕೋಮಲಾ ಚೇತರಿಸಿಕೊಂಡಳು. ಅತ್ತಿಗೆಯ ಕೈ ಇನ್ನೂ ಪಾದದ ಮೇಲೇ ಇತ್ತು. ಕೋಮಲಾಳಿಗೆ ದುಃಖ ಒತ್ತರಿಸಿ ಬಂತು.

"ಅತ್ತಿಗಿ... ಆವತ್ತು ಕೂಸಿನ ಮುಂದ ನಾ ಅಂದಿದ್ದು... ನೆನಪೈತೇನ್ರಿ?"

"ಅದೇನು ಮರಿಯೋ ಮಾತೇನ?"

"ಹಂಗಾರ ಯಾಕ ಬರ್ತೀರಿ? ನನ್ನ ಬಿಟ್ಟುಬಿಡ್ರಿ!"

ಗಂಗಾಂಬಿಕಾ ಪಾದಗಳ ಮೇಲಿನ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದಳು. "ಗೊತ್ತಿಲ್ಲ ಕೋಮಲಾ. ಆವತ್ತು ನನ್ನ ಹತ್ರ ಯಾರೂ ಕುಂದರಲಿಲ್ಲ. ಅದೊಂದು ನೆನಪಾಗತೈತಿ... ಈಗ ಏನೂ ಕೇಳಬ್ಯಾಡ. ನನಗೂ ದಣಿವಾಗೈತಿ. ಒಂದೀಟು ಆಚಿ ಸರಿ."

ಕೋಮಲಾ ಸರಿದಳು. ಗಂಗಾಂಬಿಕಾ ಸ್ಟೂಲನ್ನು ತಲೆದಿಂಬಿನ ಕಡೆ ಎಳೆದುಕೊಂಡು, ಮಂಚದ ಅಂಚಿಗೆ ಹಣೆಯೊರಗಿಸಿ ಕಣ್ಣು ಮುಚ್ಚಿದಳು. ಸೂಜಿಯಿಲ್ಲದ ಕೈಯನ್ನು ಕೋಮಲಾ ಮೆಲ್ಲಗೆ, ಹೆದರುತ್ತಲೇ, ಅತ್ತಿಗೆಯ ನರೆತ ತಲೆಯ ಮೇಲಿಟ್ಟಳು.

ಗಂಗಾಂಬಿಕಾ ಅದನ್ನು ಸರಿಸಲಿಲ್ಲ. ಯಂತ್ರ ನಿಲ್ಲಲು ಇನ್ನೂ ಎರಡು ತಾಸು ಇತ್ತು.