ಇಪ್ಪತ್ತೇಳು ಹದಿನಾರರ ಮಟಡೋರ್

2025ರ ಫೆಬ್ರವರಿ 11, ಮಂಗಳವಾರ. ಬೆಳಗ್ಗೆ 8 ಗಂಟೆ 50 ನಿಮಿಷಕ್ಕೆ ನಂಜನಗೂಡು ಗ್ರಾಮಾಂತರ ಠಾಣೆಯ ಮೆಟ್ಟಿಲು ಹತ್ತಿ ಬಂದ ಕೋಮಲಳ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ರಾಜೇಂದ್ರ ಆಗಷ್ಟೇ ಇಡ್ಲಿ ಪೊಟ್ಟಣ ಬಿಚ್ಚಿದ್ದರು. ಅದನ್ನು ಹಾಗೇ ಮಡಚಿ ಮೇಜಿನ ಖಾನೆಗೆ ತಳ್ಳಿದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಇಡ್ಲಿಯನ್ನು ಬಿಸಿಯಾಗಿ ತಿಂದ ದಿನಗಳು ತೀರಾ ಕಡಿಮೆ.

"ಏನವ್ವ, ಏನಾಯ್ತು?"

"ನಮ್ಮವ್ವುಂಗೆ ಗುದ್ಬುಟ್ಟು ಒಂಟೋದ ಸಾ. ಇಳ್ದು ನೋಡ್ಲೂ ಇಲ್ಲ."

ಕೋಮಲಳ ತಾಯಿ ಮಂಚಮ್ಮ, ವಯಸ್ಸು ಐವತ್ತೆರಡು, ಸೊಪ್ಪು ಮಾರುವವರು. ಟಿ. ನರಸೀಪುರ ರಸ್ತೆಯ ತಿರುವಿನಲ್ಲಿ ಮಂಕರಿ ಇಳಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದರು. 7.40ರ ಸುಮಾರಿಗೆ ನರಸೀಪುರದ ಕಡೆಯಿಂದ ಬಂದ ಬಿಳಿ ಟೆಂಪೊ ಟ್ರಾವೆಲರ್ (ಟಿಟಿ) ವ್ಯಾನು ವೇಗ ತಗ್ಗಿಸದೆ ತಿರುವಿಗೆ ನುಗ್ಗಿ, ಟಾರು ಬಿಟ್ಟು ಮಣ್ಣಿಗಿಳಿದು ಮಂಚಮ್ಮನ ಬಲಗಾಲನ್ನು ಜಜ್ಜಿಹಾಕಿತ್ತು. ನಂಜನಗೂಡಿನಲ್ಲಿ ಕಟ್ಟು ಕಟ್ಟಿ ಮೈಸೂರಿಗೆ ಕಳಿಸಿದ್ದರು. ಕಾಲು ಉಳಿಯುತ್ತದೋ ಇಲ್ಲವೋ ಎರಡು ದಿನ ಕಳೆಯದೆ ಹೇಳಲಾಗದು ಎಂದಿದ್ದರು ಡಾಕ್ಟರು.

"ನಂಬರ್ ಯಾರಾದ್ರೂ ನೋಡಿದ್ರಾ?"

"ಟೀ ಅಂಗ್ಡಿ ಶಾಂತಕ್ಕ ನೋಡವ್ರೆ. ಇಪ್ಪತ್ತೇಳು ಹದಿನಾರು ಅಂತೆ."

ಪಿಎಸ್‌ಐ ಭಾನುಪ್ರಿಯಾ ಠಾಣೆಗೆ ಬಂದು ಆರು ತಿಂಗಳಾಗಿತ್ತು. ಮಾತು ಕಡಿಮೆ, ಬರವಣಿಗೆ ಜಾಸ್ತಿ. ದೂರು ಪಡೆದು ಭಾರತೀಯ ನ್ಯಾಯ ಸಂಹಿತೆಯ ಕಲಂ 281, 125(ಬಿ) ಮತ್ತು ಮೋಟಾರು ವಾಹನ ಕಾಯ್ದೆಯ ಕಲಂ 187ರ ಅಡಿ ಎಫ್‌ಐಆರ್ ದಾಖಲಿಸಿದರು. 10.15ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು.

ರಸ್ತೆ ಬದಿಯಲ್ಲಿ ದಂಟಿನ ಸೊಪ್ಪಿನ ಕಟ್ಟುಗಳು ಇನ್ನೂ ಬಾಡಿರಲಿಲ್ಲ. ವಾಹನದ ಎಡಗಡೆಯ ಕನ್ನಡಿಯ ಚೂರುಗಳು ಸಿಕ್ಕವು. ತಿರುವಿಗೆ ಮುಂಚೆ ಬ್ರೇಕ್ ಹಾಕಿದ ಗುರುತು ಒಂದಿಂಚೂ ಇರಲಿಲ್ಲ. ಮಂಚಮ್ಮ ಬಿದ್ದ ಜಾಗ ದಾಟಿದ ಮೇಲೆ ಇಪ್ಪತ್ತಾರು ಅಡಿ ಉದ್ದಕ್ಕೆ ಟೈರು ಉಜ್ಜಿದ ಕಪ್ಪು ಗೆರೆ ಇತ್ತು.

"ಗುದ್ದಿದ ಮೇಲೆ ಬ್ರೇಕ್ ಹಾಕಿದ್ದಾನೆ," ಎಂದರು ಭಾನುಪ್ರಿಯಾ.

"ನಿಂತಿದ್ದಾನೆ ಮೇಡಂ," ಎಂದರು ರಾಜೇಂದ್ರ. "ನಿಂತು ಹೋಗಿದ್ದಾನೆ."

ಟೀ ಅಂಗಡಿಯ ಶಾಂತಕ್ಕನೂ ಅದನ್ನೇ ಹೇಳಿದರು. "ಒಂದ್ಗಳ್ಗೆ ನಿಂತಿತ್ತು ಸಾ. ಡ್ರೈವರ್ ಡೋರು ಅರ್ಧ ತೆಗ್ದ. ನಾನು ಕೂಕ್ಕೊಂಡು ಓಡ್ಬರೋದ್ರೊಳ್ಗೆ ಮುಚ್ಕೊಂಡು ಎತ್ಬುಟ್ಟ."

ರಾಜೇಂದ್ರರಿಗೆ ಸಿಟ್ಟು ನೆತ್ತಿಗೇರಿತು. ಕಣ್ಣು ಕತ್ತಲಿಟ್ಟು ಓಡಿಹೋದವನನ್ನಾದರೂ ಹೇಡಿ ಎಂದು ಬೈದು ಸುಮ್ಮನಾಗಬಹುದು. ಬಾಗಿಲು ತೆಗೆದು, ನೋಡಿ, ಮತ್ತೆ ಮುಚ್ಚಿಕೊಂಡು ಹೋದವನಿಗೆ ಯಾವ ಬೈಗುಳ ಸಾಕಾದೀತು?

ಮಧ್ಯಾಹ್ನದ ಹೊತ್ತಿಗೆ ಪ್ರಕರಣ ಸಲೀಸಾಗಿ ಮುಗಿಯುವ ಆಸೆ ಹೋಯಿತು. ಕೆಎ-09 ಸರಣಿಯ 2716 ಟಿಟಿಯೇ ಅಲ್ಲ. 1991ರಲ್ಲಿ ನೋಂದಣಿಯಾದ ಮಟಡೋರ್ ವ್ಯಾನು. ಮಾಲೀಕರು ಟಿ. ನರಸೀಪುರ ತಾಲ್ಲೂಕು ಹೆಮ್ಮಿಗೆಯ ಪುಟ್ಟಬಸವಯ್ಯ. ದಾರಿಯ ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ 7.38ಕ್ಕೆ ಹಾದುಹೋಗಿದ್ದು ಮಾತ್ರ ಖಡಾಖಂಡಿತವಾಗಿ ಟಿಟಿ, ಮೇಲೆ ಅದೇ ನಂಬರು. ತಾಂಡ್ಯದ ಕೈಗಾರಿಕಾ ಪ್ರದೇಶದ ಕಡೆ ಹೋಗುವ ಹೆದ್ದಾರಿಯ ಕ್ಯಾಮೆರಾ ಮೂರು ತಿಂಗಳಲ್ಲಿ ಮೂರು ಸಲ ಇದೇ ನಂಬರಿಗೆ ಅತಿವೇಗದ ನೋಟಿಸು ಕಳಿಸಿತ್ತು.

ಮಾರನೇ ದಿನ, ಬುಧವಾರ 9.30ಕ್ಕೆ ಜೀಪು ಹೆಮ್ಮಿಗೆಯಲ್ಲಿತ್ತು. ಪುಟ್ಟಬಸವಯ್ಯನಿಗೆ ಎಪ್ಪತ್ತಾರು. ಬೆನ್ನು ನೆಟ್ಟಗಿತ್ತು, ಕಿವಿ ಚುರುಕಾಗಿತ್ತು. ನೋಟಿಸು ಎಂದ ಕೂಡಲೇ ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ ಮೂರನ್ನೂ ತಂದರು.

"ನೋಡಿ ಮೇಡಮ್ನೋರೆ, ನನ್ ಗಾಡಿ ತೊಂಬತ್ನಾಕ್ ಸ್ಪೀಡಲ್ಲಿ ಓಡ್ತಂತೆ! ಉಟ್ದಾಗಿಂದ ಐವತ್ತು ದಾಟ್ದ ಗಾಡಿ ಅಲ್ಲ ಅದು. ಊರ್ಗೆಲ್ಲಾ ತೋರ್ಸೀವ್ನಿ ಇದ್ನ."

"ತಮಾಷೆ ಅಲ್ಲ ಯಜಮಾನ್ರೇ," ಎಂದರು ಭಾನುಪ್ರಿಯಾ. "ನಿನ್ನೆ ಈ ನಂಬರಿನ ಗಾಡಿ ಒಬ್ಬ ಹೆಂಗಸಿಗೆ ಗುದ್ದಿ ಬಿಟ್ಟು ಹೋಗಿದೆ. ಕಾಲು ಹೋಗೋ ಹಾಗಿದೆ."

ಮುದುಕನ ನಗು ನಿಂತುಹೋಯಿತು. ನೋಟಿಸುಗಳನ್ನು ಮಡಚಿ ಕವರಿಗೆ ಹಾಕಿದರು.

ಮಟಡೋರ್ ಹಿತ್ತಲಿನಲ್ಲಿ, ಹುಣಸೆ ಮರದ ಕೆಳಗೆ ನಿಂತಿತ್ತು. ನಾಲ್ಕು ಚಕ್ರವೂ ನೆಲ ಕಚ್ಚಿದ್ದವು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅದನ್ನು ಎಬ್ಬಿಸದೆಯೇ ರಾಜೇಂದ್ರ ಪಂಚನಾಮೆ ಬರೆದರು. ಸ್ಟೇರಿಂಗ್ ಮಾತ್ರ ದಿನಾ ಒರೆಸಿದಂತೆ ಹೊಳೆಯುತ್ತಿತ್ತು.

"ಓಡದ ಗಾಡಿ. ಆರ್‌ಸಿ ವಾಪಸ್ ಕೊಟ್ಟು ರದ್ದು ಮಾಡಿಸಬೇಕಿತ್ತಲ್ಲ?" ಎಂದರು ರಾಜೇಂದ್ರ.

"ಅದೊಂದು ಆಗ್ನಿಲ್ಲ ಸಾ. ಮನ್ಸು ಬರ್ನಿಲ್ಲ."

ಆಮೇಲೆ ಕೇಳಬೇಕಾಗಿಯೇ ಬರಲಿಲ್ಲ. ಹೆಮ್ಮಿಗೆಗೆ ಬಂದ ಮೊದಲ ವ್ಯಾನು ಅದು. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಇದ್ದ ಕಾಲ. ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಎಸೆಸೆಲ್ಸಿ ಮಕ್ಕಳನ್ನು ಪರೀಕ್ಷೆಗೆ ಕರೆದೊಯ್ದಿದ್ದು, ಮೂಗೂರಿನ ಹತ್ತಿರ ಒಂದೇ ದಿನ ಎರಡು ಸಲ ಪಂಕ್ಚರ್ ಆಗಿದ್ದು, ಒಂದೊಂದನ್ನೂ ತಿಥಿ ವಾರ ಸಮೇತ ಹೇಳಿದರು. ಕವಲಂದೆಯಲ್ಲಿ ಹುಟ್ಟಿದ ರಾಜೇಂದ್ರರಿಗೂ ಅಂಥದೇ ಒಂದು ವ್ಯಾನಿನ ಡೀಸೆಲ್ ವಾಸನೆ ನೆನಪಾಯಿತು. ಬಾನೆಟ್ಟಿನ ಬಿಸಿಗೆ ಕಾಲು ಸುಡುತ್ತಿದ್ದರೂ ಡ್ರೈವರಿನ ಪಕ್ಕದ ಜಾಗಕ್ಕೇ ಮಕ್ಕಳ ಜಗಳ.

"ಭಾನ್ವಾರ ಊರ್ ಮಕ್ಳುನ್ನ ಸಂತೆಗೆ ಕರ್ಕೊಂಡೋಗ್ತಿದ್ದೆ. ನಂಬರ್ ಬಾಯ್ಪಾಠ ಯೋಳುದ್ರೇನೆ ಅತ್ತುಸ್ಕತಿದ್ದಿದ್ದು."

"ನಂಬರ್ ಯಾಕೆ?"

"ಜನದಲ್ಲಿ ಕಳ್ದೋದ್ರೆ? ಅಪ್ಪುನ್ ಎಸ್ರು ಯೋಳುದ್ರೆ ನರಸೀಪುರದಲ್ಲಿ ಯಾರ್ಗೆ ಗೊತ್ತು? ಗಾಡಿ ನಂಬರ್ ಯೋಳುದ್ರೆ ಯಾರಾದ್ರೂ ತಂದ್ಬುಡ್ತಾರೆ. ಒಂದ್ಸಲ ಒಂದು ಮೊಗ ಕಳ್ದೇ ಓಯ್ತು. ಆರು ವರ್ಸ. ಬಸ್ ಸ್ಟಾಂಡಲ್ಲಿ ಅಳ್ತಾ ನಿಂತ್ಕಂಡು ಇಪ್ಪತ್ತೇಳು ಅದಿನಾರು, ಇಪ್ಪತ್ತೇಳು ಅದಿನಾರು ಅಂತಿತ್ತಂತೆ. ಪೋಲೀಸ್ನೋರು ಎತ್ಕಂಡು ಬಂದು ಬುಟ್ರು. ಅದು ಸಿಕ್ಕೋಗಂಟ ನಾನು ಗಾಡಿ ಎತ್ನಿಲ್ಲ. ಮೂವತ್ತು ಜನ ಬಯ್ಯುದ್ರು. ಎತ್ನಿಲ್ಲ."

"ಯಾರ ಮಗು ಅದು?"

ಪುಟ್ಟಬಸವಯ್ಯ ಕೋಳಿಯ ಕಡೆ ನೋಡಿದರು. "ನೆಪ್ಪಿಲ್ಲ ಸಾ."

ಜೀಪು ಊರು ದಾಟಿತು. ರಾಜೇಂದ್ರ ಹೇಳಿದರು: "ಮೇಡಂ, ಸುಳ್ಳು ನಂಬರ್ ಹಾಕೋ ಕಸುಬಿನವನು ಇನ್ನೊಂದು ಬಿಳಿ ಟಿಟಿದೇ ನೋಡಿ ಹಾಕ್ತಾನೆ. ಆಗ ಯಾರಿಗೂ ಅನುಮಾನ ಬರಲ್ಲ. ಇವನು ನೋಡಿ ಬರೆದಿಲ್ಲ, ಬಾಯಿಪಾಠ ಬರೆದಿದ್ದಾನೆ. ಈ ಊರಿನವನೇ. ಆಗ ಸಣ್ಣವನು, ಈಗ ಮೂವತ್ತೈದು, ನಲವತ್ತು."

"ಅಜ್ಜನಿಗೆ ಗೊತ್ತಾ?"

"ಮೂವತ್ತು ವರ್ಷದ ಹಿಂದಿನ ಪಂಕ್ಚರ್ ನೆನಪಿದೆ, ಮಗು ಯಾರದು ಅಂತ ನೆನಪಿಲ್ವಂತೆ."

"ಹಾಗಾದ್ರೆ ಯಾಕೆ ಬಿಟ್ಟು ಬಂದ್ರಿ?"

"ಅವರ ಗಾಡಿಯ ಮರ್ಯಾದೆ ಒಂದ್ಕಡೆ, ಎತ್ತಿ ಆಡಿಸಿದ ಮಗು ಇನ್ನೊಂದ್ಕಡೆ. ಇವತ್ತೊಂದಿನ ಅವರೇ ತೂಗಿ ನೋಡ್ಲಿ ಮೇಡಂ. ನಾವು ನಮ್ಮ ಕೆಲಸ ಮಾಡೋಣ."

ಕೆಲಸ ಗುರುವಾರ ಬೆಳಗ್ಗೆ 8 ಗಂಟೆಗೆ ತಾಂಡ್ಯದಲ್ಲಿ ಆಯಿತು. ನರಸೀಪುರದ ಕಡೆಯಿಂದ ಹೆಂಗಸರನ್ನು ತರುವ ಬಿಳಿ ಟಿಟಿಗಳು ಮೂರು. ಅವುಗಳಲ್ಲಿ ಬಟ್ಟೆ ಹೊಲಿಯುವ ಒಂದು ಕಾರ್ಖಾನೆಗೆ ಬರುತ್ತಿದ್ದ ವ್ಯಾನಿನ ಎಡಗನ್ನಡಿ ಹೊಸದು, ಮುಂದಿನ ಬಂಪರಿನಲ್ಲಿ ಇನ್ನೊಂದು ಫಲಕವನ್ನು ತಂತಿಯಿಂದ ಕಟ್ಟಿ ಬಿಚ್ಚಿದ ಗೀರು. ಗೇಟಿನ ಪುಸ್ತಕದ ಪ್ರಕಾರ 11ರಂದು ಅದು ಒಳಗೆ ಬಂದದ್ದು 8.13ಕ್ಕೆ, ತನ್ನ ನಿಜವಾದ ನಂಬರಿನಲ್ಲಿ. ಗೇಟು ಮುಚ್ಚುವುದು 8.15ಕ್ಕೆ. 12ರಿಂದ ಬದಲಿ ಡ್ರೈವರು. ಹಳೆಯ ಡ್ರೈವರಿನ ಹೆಸರು ಕೃಷ್ಣಕುಮಾರ್, ಮೂವತ್ತೇಳು ವರ್ಷ, ಹೆಮ್ಮಿಗೆ. ಫೋನು ಸ್ವಿಚ್ ಆಫ್.

ವ್ಯಾನಿನಲ್ಲಿ ಹದಿನಾಲ್ಕು ಹೆಂಗಸರು ಬರುತ್ತಿದ್ದರು. ಹದಿಮೂರು ಜನ ನಿದ್ದೆ ಮಾಡುತ್ತಿದ್ದೆವು ಎಂದರು. ಡ್ರೈವರಿನ ಹಿಂದಿನ ಸೀಟಿನ ಲಿಖಿತಾ ಮೊದಲು ಹಾಗೇ ಅಂದು, ಸೆರಗಿನ ತುದಿ ಸುತ್ತುತ್ತಾ ಕೂತಳು.

"ಗಾಡಿ ನಿಂತಿತ್ತಲ್ಲಮ್ಮ?" ಎಂದರು ಭಾನುಪ್ರಿಯಾ.

"ನಿಂತಿತ್ತು ಮೇಡಂ."

"ಇಳಿಯೋಕೆ ಹೋದನಾ?"

"ಡೋರ್ ತೆಗ್ದ್ರು."

"ಆಮೇಲೆ?"

ಲಿಖಿತಾ ಅಳತೊಡಗಿದಳು. "ನಾವೇ ಓಗಿ ಓಗಿ ಅಂದ್ವಿ ಮೇಡಂ. ಟೀ ಅಂಗ್ಡಿಯೋರು ಬತ್ತಾವ್ರೆ, ಅವ್ರು ಎತ್ಕತಾರೆ, ಗೇಟ್ ಆಕ್ಬುಡ್ತಾರೆ ಅಂತ. ಲೇಟಾದ್ರೆ ಎಲ್ಲಾರ್ಗೂ ಅರ್ಧ ದಿನ ಕಟ್. ನಾನೂ ಅಂದೆ."

ಭಾನುಪ್ರಿಯಾ ಅದನ್ನು ಅವಳು ಹೇಳಿದಂತೆಯೇ ಬರೆದುಕೊಂಡರು. ಆ ಮಾತಿಗೆ ಯಾವ ಕಲಮೂ ಅನ್ವಯಿಸುವುದಿಲ್ಲವೆಂದು ಅವರಿಗೂ ರಾಜೇಂದ್ರರಿಗೂ ಗೊತ್ತಿತ್ತು. ಅಷ್ಟರಲ್ಲಿ ಮೈಸೂರಿನಿಂದ ಕೋಮಲಳ ಫೋನು ಬಂತು. ಅವಳ ತಾಯಿಯ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು.

ಅಂದು ಸಂಜೆ 4.40ಕ್ಕೆ ಮತ್ತೆ ಹೆಮ್ಮಿಗೆ. ಕೃಷ್ಣಕುಮಾರನ ಮನೆಗೆ ಬೀಗ. ಪುಟ್ಟಬಸವಯ್ಯ ತಮ್ಮ ಮನೆಯ ಜಗಲಿಯಲ್ಲಿ ಬಾಗಿಲಿಗೆ ಅಡ್ಡವಾಗಿ ಕೂತಿದ್ದರು. ಜೀಪು ನಿಂತದ್ದು ನೋಡಿ ಎದ್ದರು.

"ಒಳಗವ್ನೆ ಸಾ. ನಿನ್ನೆ ನೀವ್ ಓದ್ಮೇಲೆ ನಾನೇ ಕರೆಸ್ದೆ. ಎಲ್ಡು ದಿನದಿಂದ ಅನ್ನ ಮುಟ್ಟಿರ್ನಿಲ್ಲ, ಈಗ ಉಣ್ತಾವ್ನೆ. ಐದ್ನಿಮ್ಸ ಕೊಡಿ."

ಭಾನುಪ್ರಿಯಾ ಗಡಿಯಾರ ನೋಡಿ ಜಗಲಿಯ ಮೇಲೆ ಕೂತರು. ರಾಜೇಂದ್ರ ಹಿತ್ತಲ ಬಾಗಿಲಿಗೆ ಹೋಗಿ ನಿಂತರು. ಕಾಯಿದೆ ಕಾಯಿದೆಯೇ.

ಕೃಷ್ಣಕುಮಾರ್ ಕೈ ತೊಳೆದುಕೊಂಡು ಬಂದ. ಓಡುವ ಲಕ್ಷಣ ಅವನಲ್ಲಿರಲಿಲ್ಲ.

"ಸುಳ್ಳು ನಂಬರ್ ಫಲಕ ಎಲ್ಲಿ?" ಎಂದರು ಭಾನುಪ್ರಿಯಾ.

"ಕಬ್ಬಿನ ಗದ್ದೇಲಿ ಬಿಸಾಕಿದ್ದೆ. ತೋರುಸ್ತೀನಿ."

"ಎಷ್ಟು ದಿನದಿಂದ ಹಾಕ್ತಿದ್ದೆ?"

"ಮೂರು ತಿಂಗ್ಳು. ಮೊದ್ಲೇ ಒಂದ್ಸಲ ಸ್ಪೀಡ್ ಕೇಸಲ್ಲಿ ಲೈಸೆನ್ಸ್ ಅಮಾನತಾಗಿತ್ತು ಮೇಡಂ. ಇನ್ನೊಂದ್ಸಲ ಆದ್ರೆ ಓಯ್ತು. ಎಂಟೂ ಕಾಲ್ಗೆ ಮುಟ್ಸಬೇಕು, ಎಲ್ರೂ ಅತ್ತೋದ್ರೊಳ್ಗೆ ಆರೂ ಮುಕ್ಕಾಲು ಆಯ್ತದೆ. ಮೆತ್ತುಗ್ ಓದ್ರೆ ಮುಟ್ಟಲ್ಲ."

"ಇವರ ನಂಬರೇ ಯಾಕೆ?"

ಅವನು ಮುದುಕನ ಕಡೆ ನೋಡಲಿಲ್ಲ. "ಬೇರೆಯೋರ್ದು ಬರುದ್ರೆ ಅವ್ರ್ಗೆ ತೊಂದ್ರೆ. ದೊಡ್ಡಪ್ಪನ್ ಗಾಡಿ ಓಡಲ್ವಲ್ಲ, ಯಾರ್ಗೂ ಏನೂ ಆಗಲ್ಲ ಅನ್ಕಂಡೆ. ಬ್ರಶ್ ಇಡ್ಕಂಡಾಗ ಅದೊಂದೇ ನೆಪ್ಪಾಗಿದ್ದು."

"ಆ ಹೆಂಗಸಿನ ಕಾಲು ಇವತ್ತು ತೆಗೆದ್ರು," ಎಂದರು ರಾಜೇಂದ್ರ. ಹೇಳಲೇಬೇಕಾದ ಮಾತೇನಲ್ಲ. ಹೇಳದೆ ಇರಲಾಗಲಿಲ್ಲ.

5.05ಕ್ಕೆ ಬಂಧನದ ಜ್ಞಾಪನ ಬರೆದು, ಕೃಷ್ಣಕುಮಾರನ ಸಹಿ ಪಡೆದು, ಸಾಕ್ಷಿಯಾಗಿ ಪುಟ್ಟಬಸವಯ್ಯನ ಸಹಿಯನ್ನೂ ಹಾಕಿಸಿದರು. ಮುದುಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ದಪ್ಪ ಅಕ್ಷರದಲ್ಲಿ ಹೆಸರು ಬರೆದರು.

ಜೀಪಿನವರೆಗೂ ಅವರು ಹಿಂದೆಯೇ ಬಂದರು. ಬಯ್ಯಬಹುದೆಂದು ರಾಜೇಂದ್ರ ಅಂದುಕೊಂಡಿದ್ದರು, ಬಯ್ಯಲಿಲ್ಲ. ಕೃಷ್ಣಕುಮಾರನ ಅಂಗಿಯ ಕಾಲರು ಮಡಚಿಕೊಂಡಿತ್ತು, ಅದನ್ನು ಸರಿಮಾಡಿದರು.

"ನೀ ಸಿಕ್ಕೋಗಂಟ ನಾನ್ ಗಾಡಿ ಎತ್ನಿಲ್ಲ ಕಣ್ಲಾ," ಎಂದರು. "ಆ ನಂಬರಿನ ಗಾಡಿ ಒಂದಿನಾನೂ ಯಾರ್ನೂ ದಾರೀಲಿ ಬುಟ್ಟು ಓಗಿರ್ನಿಲ್ಲ."

ಕೃಷ್ಣಕುಮಾರ್ ಜೀಪಿನ ಹಿಂಬದಿಯ ಹಲಗೆಯ ಮೇಲೆ ಕೂತು, ಮೊಣಕಾಲಿಗೆ ಮುಖ ಒತ್ತಿಕೊಂಡು ಬಿಕ್ಕಿದ. ರಾಜೇಂದ್ರ ಅವನ ಪಕ್ಕ ಕೂತು ಬಾಗಿಲು ಹಾಕಿಕೊಂಡರು. ಜೀಪು ನರಸೀಪುರದ ಕಡೆ ಹೊರಟಿತು.