ಕರೆಂಟ್ ತೊಟ್ಟಿಯ ಸಾವು

‘ನೀರು ಮೇಷ್ಟ್ರು’ ತೊಟ್ಟಿಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಕಣ್ಣು ಕೆಂಡದಂತೆ ಕೆಂಪಾಗಿತ್ತು. ತುಟಿಯ ಮೇಲೆ ನೊರೆ. ಒಂದು ಕೈ ಬಾಗಿಲ ಕಡೆ ಚಾಚಿತ್ತು. ಕೈಗೂ ಬಾಗಿಲಿಗೂ ನಡುವೆ ನಾಲ್ಕೇ ಹೆಜ್ಜೆ. ನಾವು ತಲುಪಿದಾಗ ಐದೂಕಾಲು. ಮೂಗು ಸುಡುವ ವಾಸನೆ ಕೋಣೆಯಲ್ಲಿ ಇನ್ನೂ ಇತ್ತು.

ನಾನು ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತೆರಡು ವರ್ಷ ಹೆಣ ನೋಡಿ ನೋಡಿ ಮನಸ್ಸು ಕಲ್ಲಾಗಿದೆ ಎಂದುಕೊಂಡಿದ್ದೆ. ಆ ಜಂಬ ಈ ಕೇಸಿನಲ್ಲಿ ಇಳಿಯಿತು.

ಅದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಕೊಳಕು ನೀರೆಲ್ಲ ಈ ಕರೆಂಟ್ ತೊಟ್ಟಿಗೆ ಬರುತ್ತದೆ. ಒಳಗೆ ಸಾಲಾಗಿ ಲೋಹದ ತಟ್ಟೆಗಳು. ಅವುಗಳ ನಡುವೆ ವಿದ್ಯುತ್ ಹರಿಸಿದರೆ ನೀರಿನಲ್ಲಿ ಕರಗಿದ ಬಣ್ಣ, ರಾಸಾಯನಿಕ ಒಡೆದುಹೋಗುತ್ತವೆ. ಹತ್ತೊಂಬತ್ತು ವರ್ಷ ಅದನ್ನು ನೋಡಿಕೊಂಡವರು ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ. ಕಂಡಕಂಡವರ ತಪ್ಪು ತಿದ್ದುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

ಮ್ಯಾನೇಜರ್ ನಾವು ಕೇಳುವ ಮೊದಲೇ ಉತ್ತರ ಕೊಟ್ಟ. ಬಟ್ಟೆಗೆ ಬಣ್ಣ ಹಿಡಿಯಲು ಉಪ್ಪು ಸುರಿಯುತ್ತಾರಂತೆ. ಉಪ್ಪು, ಆಸಿಡ್ ಸೇರಿದ ಆ ನೀರಿಗೆ ಮಹಡಿಯ ಮೇಲೆ ಬೇರೆಯೇ ಟ್ಯಾಂಕ್ ಇದೆಯಂತೆ. ಅದು ಕರೆಂಟ್ ತೊಟ್ಟಿಗಿಳಿದರೆ ಬಣ್ಣವೇನೋ ಬೇಗ ಹೋಗುತ್ತದೆ, ಜೊತೆಗೆ ಕ್ಲೋರಿನ್ ಎಂಬ ವಿಷಗಾಳಿಯೂ ಏಳುತ್ತದೆ. ಗಾಳಿ ಎಳೆದು ಹಾಕುವ ಫ್ಯಾನು ಎರಡು ದಿನದಿಂದ ರಿಪೇರಿಯಲ್ಲಿತ್ತು. ಮೇಷ್ಟ್ರು ಬೇಗ ಮನೆಗೆ ಹೋಗುವ ಆತುರಕ್ಕೆ ತಾವೇ ಆ ನೀರು ಬಿಟ್ಟುಕೊಂಡಿದ್ದಾರೆ, ಪಾಪ, ಎಂದ. ಆ ‘ಪಾಪ’ ಕೇಳಿ ನನಗೆ ಮೈ ಉರಿಯಿತು.

*

ಹೊರಗೆ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ಕೂತಿದ್ದರು. ಅಳುತ್ತಿರಲಿಲ್ಲ. ನಮ್ಮ ಇನ್‌ಸ್ಪೆಕ್ಟರ್ ಮೇಡಂ ಅವರ ಪಕ್ಕದಲ್ಲೇ ಕೂತರು.

“ಅವ್ರು ರಸ್ತೆ ದಾಟೋಕೂ ಎರಡು ಸಲ ಆಚೀಚೆ ನೋಡೋರು, ಮೇಡಂ,” ಎಂದರು ಆಕೆ. “ಹೋಗಿದ್ದಂತೂ ಹೋದ್ರು. ತಮ್ಮ ತಪ್ಪಿಂದ ಹೋದ್ರು ಅಂತ ಮಾತ್ರ ಬರೀಬೇಡಿ.”

ಅವರ ಕೈ ಹಿಡಿದು ಮಗ ನಿಂತಿದ್ದ. ಅದೇ ಕಾರ್ಖಾನೆಯಲ್ಲಿ ಬಣ್ಣ ಹಾಕುವ ಹಾಲ್‌ನ ಉಸ್ತುವಾರಿ ಅವನದು. ಅಪ್ಪನನ್ನು ಮೊದಲು ಕಂಡವನೂ ಅವನೇ. ನಾಲ್ಕೂವರೆಗೆ ಟೀಗೆ ಕರೆಯಲು ನೇರವಾಗಿ ಅಪ್ಪನ ಕೋಣೆಗೆ ಹೋದೆ, ಬಿದ್ದಿದ್ದು ನೋಡಿ ಕರೆಂಟ್ ಆರಿಸಿದೆ, ಕೂಗಿಕೊಂಡೆ ಎಂದ.

ಮೇಡಂ ಕೋಣೆಗೆ ವಾಪಸ್ ಬಂದರು. ಗೋಡೆಗೆ ರೀಡಿಂಗ್ ಹಾಳೆ ತೂಗುಹಾಕಿತ್ತು. ಅರ್ಧ ಗಂಟೆಗೊಮ್ಮೆ ಮೇಷ್ಟ್ರು ವೋಲ್ಟ್ ಬರೆದಿದ್ದರು. ಹದಿನಾಲ್ಕು. ಹದಿನಾಲ್ಕು. ಹದಿನಾಲ್ಕು. ನಾಲ್ಕು ಗಂಟೆಯ ಸಾಲಿನಲ್ಲಿ ಆರು. ಅದರ ಮುಂದೆ ದಪ್ಪದೊಂದು ಪ್ರಶ್ನೆಚಿಹ್ನೆ.

ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಕೇಳಿದೆವು. ಉಪ್ಪು ಸೇರಿದರೆ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಅದಕ್ಕೇ ವೋಲ್ಟ್ ಬೀಳುತ್ತದೆ ಎಂದ.

ಮೇಡಂ ನನ್ನ ಕಡೆ ತಿರುಗಿದರು. “ಉಪ್ಪುನೀರು ತಾವೇ ಬಿಟ್ಟೋರು ವೋಲ್ಟ್ ಯಾಕೆ ಬಿತ್ತು ಅಂತ ಕೇಳ್ಕೋತಾರೇನ್ರೀ?”

*

ಬಣ್ಣದ ಹಾಲ್‌ನಿಂದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಉಪ್ಪುನೀರಿನ ಟ್ಯಾಂಕ್. ಆ ಮೆಟ್ಟಿಲು ಹೋಗುವುದು ಅಲ್ಲಿಗೆ ಮಾತ್ರ. ವಾಲ್ವ್ ಮುಚ್ಚಿ ಸರಪಳಿಗೆ ಬೀಗ ಹಾಕಿತ್ತು. ಒಂದು ಕೀ ಮೇಷ್ಟ್ರ ಜೇಬಿನಲ್ಲಿ ಸಿಕ್ಕಿತು. ಇನ್ನೊಂದು ಹಾಲ್‌ನ ಗೋಡೆಯ ಮೊಳೆಯಲ್ಲಿ, ಯಾರ ಕೈಗೂ ಎಟುಕುವಂತೆ.

ನನಗಂತೂ ಮ್ಯಾನೇಜರ್ ಮೇಲೇ ಕಣ್ಣು. ಆದರೆ ಮೂರೂವರೆಯಿಂದ ನಾಲ್ಕೂವರೆಯವರೆಗೆ ಅವನು ಆಫೀಸಿನಲ್ಲಿ ಕೂತು ಧಣಿಯ ಜೊತೆ ಫೋನಿನಲ್ಲಿದ್ದ. ಎದುರಿಗೆ ಟೈಪಿಸ್ಟ್ ಇದ್ದಳು. ಗದರಿಸಿದ ಮೇಲೆ ಒಂದು ಮಾತು ಬಾಯಿಬಿಟ್ಟ. ಉಪ್ಪುನೀರಿನ ಟ್ಯಾಂಕ್ ತುಂಬಿತ್ತು, ಅದು ಖಾಲಿಯಾಗದೆ ಬಣ್ಣದ ಮೆಷಿನ್ ಓಡುವಂತಿರಲಿಲ್ಲ. ಇವತ್ತು ಮೆಷಿನ್ ನಿಂತರೆ ನಾಳೆಯಿಂದ ಬರಬೇಡ ಎಂದು ಬೆಳಿಗ್ಗೆ ಮೇಷ್ಟ್ರ ಮಗನಿಗೆ ಹೇಳಿದ್ದನಂತೆ.

ಮೆಟ್ಟಿಲಿನ ಗೋಡೆಯಾಚೆ ಪ್ಯಾಕಿಂಗ್ ಮಾಡುವ ಹೆಂಗಸು ಉಳಿದದ್ದನ್ನು ಹೇಳಿದಳು. ನಾಲ್ಕೂಕಾಲಿಗೆ ಎಲ್ಲರೂ ಟೀಗೆ ಹೋಗಿದ್ದರು, ಪ್ಯಾಕಿಂಗ್‌ನಲ್ಲಿ ಇವಳೊಬ್ಬಳೇ ಉಳಿದಿದ್ದಳು. “ಯಾರೋ ದಡದಡ ಅಂತ ಹತ್ತಿದ್ರು. ಇಳಿದ್ರು. ಇಳಿದ ಮೇಲೇ ಮೇಷ್ಟ್ರ ಮಗ ಕೂಗಿದ್ದು.”

*

ಮಗನನ್ನು ಆಫೀಸಿಗೆ ಕರೆಸಿದಾಗ ತಾಯಿಯೂ ಜೊತೆಗೆ ಬಂದು ಕೂತರು. ಅವರನ್ನು ಹೊರಗೆ ಕಳಿಸಲು ಮೇಡಂ ನೋಡಿದರು. ಆಕೆ ಏಳಲಿಲ್ಲ.

ಮೇಡಂ ಹಾಳೆಯನ್ನು ಮೇಜಿನ ಮೇಲಿಟ್ಟು ಮೊದಲಿನಿಂದ ಬಿಡಿಸಿ ಹೇಳಿದರು. ಪ್ರಶ್ನೆಚಿಹ್ನೆ ಹಾಕಿದವರಿಗೆ ಉಪ್ಪುನೀರಿನ ಸುದ್ದಿಯೇ ಗೊತ್ತಿರಲಿಲ್ಲ. ಬಿಟ್ಟವನು ಬೇರೆ. ಕೂಗು ಕೇಳುವ ಮೊದಲೇ ಅವನು ಮೇಲೆ ಹತ್ತಿ ವಾಲ್ವ್ ಮುಚ್ಚಿದ. ಆಗ ಹಾಲ್‌ನಲ್ಲಿದ್ದದ್ದು ಒಬ್ಬನೇ. ನೇರವಾಗಿ ಅಪ್ಪನ ಹತ್ತಿರ ಹೋದೆ ಎಂದವನು.

ಮಗ ಅಮ್ಮನ ಕೈ ಬಿಟ್ಟ.

“ಅರ್ಧ ಗಂಟೆ ಬಿಟ್ಟು ಮುಚ್ಚೋಣ ಅಂತಿದ್ದೆ. ಫ್ಯಾನ್ ಇಲ್ಲ ಅನ್ನೋದು ತಲೇಲೇ ಇರ್ಲಿಲ್ಲ. ಅಪ್ಪ ಕೆಮ್ಮೋದು ಕೇಳಿ ಬಾಗಿಲ ತನಕ ಬಂದೆ. ಗೊತ್ತಾದ್ರೆ ಏನು ಗತಿ ಅಂತ ಮೊದಲು ಮೇಲೆ ಓಡಿದೆ.”

“ಕರೆಂಟ್ ಸ್ವಿಚ್ ಬಾಗಿಲ ಹೊರಗೇ ಇದೆ,” ಎಂದರು ಮೇಡಂ. “ಅದನ್ನ ಮೊದಲು ಆರಿಸಿ ಅವರನ್ನ ಎಳ್ಕೊಂಡಿದ್ರೆ ಉಳೀತಿದ್ರು.”

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಮಗನದೂ ಅದೇ ವಯಸ್ಸು.

ತಾಯಿ ಬಾಯಿ ತೆರೆದರು. “ನೀನು ಅಲ್ಲಿರೋದು ಅಪ್ಪನಿಗೆ ಗೊತ್ತಾಯ್ತೇನೋ?”

“ಗೊತ್ತಾಯ್ತು. ಹೆಜ್ಜೆ ಸದ್ದು ಕೇಳಿ ಮಾತಾಡಿದ್ರು.”

“ಏನಂದ್ರು?”

ಅವನು ಬಾಗಿಲ ಕಡೆ ಮುಖ ತಿರುಗಿಸಿದ.

“‘ಗ್ಯಾಸ್ ಇದೆ, ಒಳಗೆ ಬರಬೇಡ ಮಗಾ’ ಅಂದ್ರು.”

ಮೇಷ್ಟ್ರದು ತಪ್ಪಿಲ್ಲ ಎಂದು ಮೇಡಂ ವರದಿಯಲ್ಲಿ ಬರೆದರು. ಆಕೆ ಬೇಡಿದ್ದು ಅದೊಂದನ್ನೇ. ಅದು ಸಿಕ್ಕಿತು, ಮಗ ಕೈತಪ್ಪಿ ಹೋದ. ನಾನು ಅವನ ತೋಳು ಹಿಡಿದಾಗ ಆಕೆ ಎದ್ದು ಬಂದು ಅವನ ಅಂಗಿ ಹಿಡಿದುಕೊಂಡರು. ಆಗ ಅಳು ಒಡೆಯಿತು.

“ಹುಟ್ಟಿದಾಗಿಂದ ಅಪ್ಪನ ಒಂದು ಮಾತೂ ಕೇಳಿದೋನಲ್ಲ ನೀನು. ಇದೊಂದನ್ನ ಯಾಕೋ ಕೇಳಿದೆ?”